ಓದಿ ಹತ್ತಿದ ಬಸ್ಸು

ಪ್ರಣಿತಾ ಬಿ.ಎಡ್. ಓದುತ್ತಿದ್ದ ಕಾಲದಲ್ಲಿ ದಿನಾ ಬೆಳಿಗ್ಗೆ ಬೀದರದ ಬಸ್ ನಿಲ್ದಾಣದವರೆಗೆ ಅವಳ ಚೀಲ ಹೊತ್ತುಕೊಂಡು ಹೋಗುತ್ತಿದ್ದವನು ಅಣ್ಣ ಕೈಲಾಶ. ಚೀಲವೇನೂ ಅಂಥ ಭಾರದ್ದಲ್ಲ. ಆದರೆ ಅದು ಹೆಗಲ ಮೇಲಿದ್ದಷ್ಟು ಹೊತ್ತು ದಾರಿಯಲ್ಲಿ ಕಂಡವರು ತನ್ನನ್ನೂ ಕಾಲೇಜಿಗೆ ಹೊರಟವನು ಅಂದುಕೊಂಡಾರು ಎಂಬ ಆಸೆ ಅವನದು. ಭಾಲ್ಕಿ ಬಸ್ಸು ಬಂದ ಮೇಲೆ ಅವಳು ಒಳಗೆ ಹತ್ತಿ ಕಿಟಕಿಯಿಂದ ಕೈ ಚಾಚುತ್ತಿದ್ದಳು. ಇವನು ಚೀಲ ಕೊಟ್ಟು, ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ನಿಂತು, ಆಮೇಲೆ ಕೆಲಸಕ್ಕೆ ಹೋಗುತ್ತಿದ್ದ.

"ನಿನ್ನ ಕಾಲೇಜು ಒಳಗ ಹ್ಯಾಂಗದ?" ಎಂದು ಒಮ್ಮೆ ಕೇಳಿದ್ದ.

"ಎಲ್ಲಾ ಕಾಲೇಜು ಇದ್ದಂಗ ಅದ ಅಣ್ಣ," ಅಂದಿದ್ದಳು ಅವಳು. ಯಾವ ಕಾಲೇಜನ್ನೂ ಒಳಗೆ ಹೋಗಿ ನೋಡದವನಿಗೆ ಆ ಉತ್ತರದಿಂದ ಏನೂ ತಿಳಿದಿರಲಿಲ್ಲ.

ಅವರ ಅಪ್ಪ ಪಂಢರಿ ಬ್ಯಾಂಕಿನಲ್ಲಿ ಅಟೆಂಡರ್ ಆಗಿದ್ದು ನಿವೃತ್ತರಾದವರು. ಭಾನುವಾರ ಗಲ್ಲಿಯ ಬುದ್ಧವಿಹಾರದಲ್ಲಿ ಮಕ್ಕಳನ್ನು ಕೂರಿಸಿಕೊಂಡು, ಓದಿದರೆ ಮಾತ್ರ ನಮಗೆ ದಾರಿ ಎಂದು ಹೇಳುವುದು ಅವರ ವಾಡಿಕೆ. ಅವರ ಮಾತು ಕೇಳಿ ಓದಿದವರು ಗಲ್ಲಿಯ ತುಂಬ ಇದ್ದರು. ಒಬ್ಬ ತಹಶೀಲ್ದಾರ ಕಚೇರಿಯಲ್ಲಿ, ಒಬ್ಬಳು ನರ್ಸು, ಇಬ್ಬರು ಮೇಷ್ಟರು. ಮನೆಯಲ್ಲಿ ಬಾಬಾಸಾಹೇಬರ ಫೋಟೋದ ಕೆಳಗೆ ಪ್ರಣಿತಾಳ ಪುಸ್ತಕಗಳ ಕಪಾಟು. ಆ ಕಪಾಟಿನಲ್ಲಿ ಕೈಲಾಶನದು ಅನ್ನುವಂಥ ಒಂದು ಪುಸ್ತಕವೂ ಇರಲಿಲ್ಲ.

ಕೈಲಾಶನಿಗೆ ಅಕ್ಷರ ಹಿಡಿಯುತ್ತಿರಲಿಲ್ಲ. ಒಂದನ್ನು ಗುರುತಿಸಿ ಮುಂದಿನದಕ್ಕೆ ಹೋಗುವಷ್ಟರಲ್ಲಿ ಹಿಂದಿನದು ಜಾರಿಹೋಗುತ್ತಿತ್ತು. ಮಾತೂ ಅಷ್ಟೆ, ನಿಧಾನವಾಗಿ ಹೇಳಿದರೆ ತಿಳಿಯುತ್ತಿತ್ತು. ಎರಡು ಮಾತು ಒಟ್ಟಿಗೆ ಬಂದರೆ ಅವನು ಗಲಿಬಿಲಿಗೊಂಡು ಸುಮ್ಮನಾಗುತ್ತಿದ್ದ. ಮೇಷ್ಟರು ಹೊಡೆದರು, ಅಪ್ಪ ಬೈದರು, ಯಾರೋ ಹೇಳಿದರೆಂದು ಕಣ್ಣಿನ ಡಾಕ್ಟರಿಗೂ ತೋರಿಸಿದರು. ಕಣ್ಣು ಸರಿಯಾಗಿಯೇ ಇದ್ದವು. ಕೊನೆಗೆ ನಾಲ್ಕನೇ ತರಗತಿಯಲ್ಲಿ ಅವನನ್ನು ಮತ್ತೆ ಕೂರಿಸಿದರು. ಆಗ ಅವನಿಗಿಂತ ಒಂದು ವರ್ಷ ಚಿಕ್ಕವಳಾದ ಪ್ರಣಿತಾ ಅದೇ ತರಗತಿಗೆ ಬಂದಳು.

ಆ ಒಂದು ವರ್ಷ ಅಣ್ಣತಂಗಿ ಪಕ್ಕಪಕ್ಕದಲ್ಲಿ ಕೂತರು. ಅವಳು ಪುಸ್ತಕದ ಸಾಲಿನ ಕೆಳಗೆ ಬೆರಳಿಟ್ಟು ಮೆಲ್ಲಗೆ ಓದುತ್ತಿದ್ದಳು; ಅವನು ಅವಳ ಬೆರಳನ್ನೇ ನೋಡುತ್ತ ಕೇಳುತ್ತಿದ್ದ. ಓದಲು ಬರಲಿಲ್ಲ, ಆದರೆ ಶಾಲೆ ಎಂದರೆ ಭಯ ಹೋಗಿದ್ದು ಆ ವರ್ಷ ಮಾತ್ರ. ಮರುವರ್ಷ ಅವಳು ಒಂದು ವಿಭಾಗಕ್ಕೆ, ಅವನು ಇನ್ನೊಂದಕ್ಕೆ. ಅವನನ್ನು ಹಾಗೇ ಮುಂದೆ ಮುಂದೆ ದೂಡಿದರು. ಒಂಬತ್ತನೇ ತರಗತಿಯಲ್ಲಿ ಒಂದು ದಿನ ಅವನು ಹೋಗುವುದನ್ನು ಬಿಟ್ಟ. ಯಾಕೆಂದು ಯಾರೂ ಒತ್ತಾಯಿಸಿ ಕೇಳಲಿಲ್ಲ.

ಅವನಿಗೆ ಮೂವತ್ತಾಯಿತು. ಫಕ್ರೋದ್ದೀನ ಸೇಠರ ಟೆಂಟ್ ಹೌಸಿನಲ್ಲಿ ಕೆಲಸ. ಮದುವೆ, ಸಭೆ, ಶಾಲಾ ಕಾರ್ಯಕ್ರಮ ಎಲ್ಲಿದ್ದರೂ ಶಾಮಿಯಾನ ಕಟ್ಟಿ ಕುರ್ಚಿ ಸಾಲಾಗಿ ಇಡುವುದು. ಪ್ರಣಿತಾ ಔರಾದಿನ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದಳು. ಅಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಳು. ಮೊದಮೊದಲು ಪ್ರತಿ ಶನಿವಾರ ಮನೆಗೆ ಬರುತ್ತಿದ್ದಳು. ಆಮೇಲೆ ಅದು ಹಬ್ಬಕ್ಕೊಮ್ಮೆ ಆಯಿತು. ಬಂದಾಗಲೂ ಉತ್ತರಪತ್ರಿಕೆಗಳ ಕಟ್ಟು, ಫೋನು. ಅವಳು ಹೊರಟುಹೋದ ಮೇಲೆ ಕೈಲಾಶ ಒಂದೆರಡು ದಿನ ಊಟ ಸರಿಯಾಗಿ ಮಾಡುತ್ತಿರಲಿಲ್ಲ.

ಒಂದು ಸಲ ಭಾಲ್ಕಿಯಲ್ಲಿ ಒಂದು ಸಣ್ಣ ಟ್ರಸ್ಟಿನ ಕಾರ್ಯಕ್ರಮಕ್ಕೆ ಅವರ ಶಾಮಿಯಾನ ಹೋಯಿತು. ಕುರ್ಚಿ ಇಟ್ಟು ಮುಗಿಸಿ ಕೈಲಾಶ ಹಿಂದೆ ಕಂಬಕ್ಕೊರಗಿ ನಿಂತಿದ್ದ. ಬಿಳಿ ದುಪಟ್ಟಾ ಹೊದ್ದ, ವಯಸ್ಸಾದ ಒಬ್ಬ ಹೆಂಗಸು ಮೈಕಿನ ಮುಂದೆ ಬಂದರು. ಹೆಸರು ಅಜೀಜಾ ಬೇಗಂ, ಶಾಲೆಯಿಂದ ನಿವೃತ್ತರಾದ ಶಿಕ್ಷಕಿ. ಕಲಿಯುವುದು ಕಷ್ಟವಾಗಿ ಶಾಲೆ ಬಿಟ್ಟ ದೊಡ್ಡವರಿಗೆಂದೇ ಅಲ್ಲಿ ತರಗತಿ ಶುರು ಮಾಡುತ್ತಿದ್ದರು. "ಒಬ್ಬೊಬ್ಬರ ತಲಿ ಒಂದೊಂದು ತರಾ ಕಲೀತದ," ಅಂದರು. "ಸಾಲ್ಯಾಗ ನಮಗಿ ಒಂದೇ ತರಾ ಕಲಸ್ಲಿಕ್ಕಿ ಬರ್ತಿತ್ತು. ತಪ್ಪು ಕಲಿಯೋರದಲ್ಲ."

ಕೈಲಾಶ ಆ ಮಾತನ್ನು ಎರಡೆರಡು ಸಲ ಮನಸ್ಸಿನಲ್ಲೇ ಹೇಳಿಕೊಂಡ. ಸಭೆ ಮುಗಿದು, ಕುರ್ಚಿಗಳನ್ನು ಲಾರಿಗೆ ಏರಿಸುವ ಹೊತ್ತಿನಲ್ಲಿ, ಕೈಯಲ್ಲಿದ್ದ ಕುರ್ಚಿ ಕೆಳಗಿಟ್ಟು ಅವರ ಮುಂದೆ ಹೋಗಿ ನಿಂತ.

"ಮೇಡಂ, ದೊಡ್ಡವ್ರಿಗಿ ಕಲಸ್ತೇವಂದ್ರಲ್ಲ. ಎಷ್ಟು ದೊಡ್ಡವ್ರಿಗಿರಿ?"

"ನಿಂಗ ಎಷ್ಟು ಬೇಟಾ?"

"ಮೂವತ್ರಿ."

"ಐವತ್ತು ದಾಟಿದೋರೂ ಹೆಸರು ಹಚ್ಚ್ಯಾರ. ನಿಂಗ ಏನ್ ಕಲೀಬೇಕಾಗ್ಯದ?"

ಏನು ಕಲಿಯಬೇಕು ಎಂದು ಅವನನ್ನು ಈವರೆಗೆ ಯಾರೂ ಕೇಳಿರಲಿಲ್ಲ. "ಕಾಲೇಜು," ಅಂದುಬಿಟ್ಟ.

ಹಿಂದೆ ಲಾರಿಯ ಹತ್ತಿರ ಯಾರೋ ನಕ್ಕರು. ಅಜೀಜಾ ಬೇಗಂ ನಗಲಿಲ್ಲ. "ಕಾಲೇಜು ದೂರ ಅದ," ಅಂದರು. "ಅದಕ್ಕಿಂತ ಮೊದಲ ಹತ್ತನೇದು. ಅದಕ್ಕೂ ಮೊದಲ ಅಕ್ಷರ. ವರ್ಷಗಟ್ಟಲೆ ಹಿಡೀತದ. ಬರ್ತಿಯಾ?"

"ಬರ್ತೇನ್ರಿ."

ಮನೆಯಲ್ಲಿ ಹೇಳಿದಾಗ ಪಂಢರಿಗೆ ನೆನಪಾದದ್ದು ಶಾಲೆಯಿಂದ ಬಂದು ಬಾಗಿಲ ಹಿಂದೆ ಮುಖ ಮುಚ್ಚಿಕೊಂಡು ಕೂರುತ್ತಿದ್ದ ಹುಡುಗ.

"ಮತ್ತ ಆಗ್ಲಿಲ್ಲ ಅಂದ್ರ?" ಅಂದರು. "ಈಗ ಆರಾಮ ಇದ್ದಿ. ಕೆಲಸ ಅದ. ಮತ್ತ್ಯಾಕ ಜೀವಕ್ಕ ತ್ರಾಸ ಮಾಡ್ಕೋತಿ?"

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ತಾಯಿ ಕೇಶರಬಾಯಿ ಕೈ ನಿಲ್ಲಿಸದೆ ಹೇಳಿದಳು: "ಗಲ್ಲ್ಯಾಗಿನ ಮಕ್ಕಳಿಗೆಲ್ಲಾ ಓದ್ರಿ ಓದ್ರಿ ಅಂತೀರಿ. ಮನ್ಯಾಗಿನ ಮಗ ಓದ್ತೇನಂದ್ರ ಬ್ಯಾಡ ಅಂತೀರಿ. ಇದ್ಯಾವ ನ್ಯಾಯ್ರಿ?"

ಸೋಮವಾರ ಪಂಢರಿ ಅಂಗಿ ಹಾಕಿಕೊಂಡು ಮಗನ ಜೊತೆ ತಾವೇ ಭಾಲ್ಕಿ ಬಸ್ಸು ಹತ್ತಿದರು. ಸೋಮವಾರ, ಬುಧವಾರ, ಶುಕ್ರವಾರ ತರಗತಿ. ಫಕ್ರೋದ್ದೀನ ಸೇಠರು ಆ ದಿನಗಳಲ್ಲಿ ಮಧ್ಯಾಹ್ನದ ಮೇಲೆ ಬಂದರೆ ಸಾಕೆಂದರು. ಮೊದಲ ಕೆಲವು ವಾರ ತಂದೆ ಜೊತೆಯಲ್ಲಿ ಹೋಗಿಬಂದರು. ಆಮೇಲೆ ಕೈಲಾಶ ಒಬ್ಬನೇ ಹೋಗತೊಡಗಿದ. ಬೋರ್ಡು ಓದಲು ಬಾರದಿದ್ದರೂ ಭಾಲ್ಕಿ ಬಸ್ಸು ನಿಲ್ಲುವ ಜಾಗ ಅವನಿಗೆ ತಂಗಿಯ ಕಾಲದಿಂದ ಗೊತ್ತಿತ್ತು.

ಅಜೀಜಾ ಬೇಗಂ ಮೊದಲು ಪುಸ್ತಕವನ್ನೇ ಕೊಡಲಿಲ್ಲ. ಪರಾತ ಎಂಬ ಅಗಲ ತಟ್ಟೆಯಲ್ಲಿ ಜೋಳ ಹರವಿ, ಅದರಲ್ಲಿ ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದರು. ಕಣ್ಣು ಮರೆತದ್ದನ್ನು ಬೆರಳು ನೆನಪಿಟ್ಟುಕೊಳ್ಳಲಿ ಎಂದು. ಯಾರಿಗೆ ಮೊದಲು ಯಾವ ಶಬ್ದ ಬೇಕೋ ಅದನ್ನೇ ಹೇಳಿ ಅಂದರು. ಹೆಚ್ಚಿನವರು ತಮ್ಮ ಹೆಸರು ಬೇಕೆಂದರು. ಪಕ್ಕದಲ್ಲಿ ಕೂರುತ್ತಿದ್ದ ವಸೀಮ ಎಂಬ ಗಾರೆ ಕೆಲಸದವನು ಮಗಳ ಹೆಸರು ಕೇಳಿದ. ಕೈಲಾಶ, "ಔರಾದ" ಅಂದ.

"ಅರೆ, ಔ ಅಂದ್ರ ಕಠಿಣ ಅಕ್ಷರ," ಎಂದರು ಅಜೀಜಾ ಬೇಗಂ. "ನಿನ್ನ ಊರು ಬೀದರ. ಅದನ್ನ ಕಲಿ ಮೊದಲ."

"ಎರಡೂ ಕಲೀತೇನ್ರಿ. ಔರಾದದಾಗ ನಮ್ಮ ತಂಗಿ ಇರ್ತಾಳ್ರಿ."

ಅದೇ ತೊಡಕಾಯಿತು. ಬೀದರದಲ್ಲಿ ದ ಮೊದಲು, ರ ಆಮೇಲೆ. ಔರಾದದಲ್ಲಿ ರಾ ಮೊದಲು, ದ ಆಮೇಲೆ. ಯಾವುದು ಮುಂದೆ, ಯಾವುದು ಹಿಂದೆ ಎಂಬುದೇ ಅವನ ತಲೆಯಲ್ಲಿ ನಿಲ್ಲದ ವಿಷಯ. ಬೀದರವನ್ನು ಬೀರದ ಎನ್ನುತ್ತಿದ್ದ, ಔರಾದವನ್ನು ಔದಾರ ಎನ್ನುತ್ತಿದ್ದ. ಒಂದು ದಿನ ಸಿಟ್ಟು ಬಂದು ಪರಾತವನ್ನು ದೂಡಿದ. ಜೋಳವೆಲ್ಲ ನೆಲದ ಮೇಲೆ ಚೆಲ್ಲಿತು. ಅಜೀಜಾ ಬೇಗಂ ಕೆಳಗೆ ಕೂತು ಕಾಳು ಬಳಿಯತೊಡಗಿದರು. ಅವನೂ ನಾಚಿಕೊಂಡು ಕೂತು ಬಳಿದ. ಮತ್ತೆ ಹರವಿದ ಜೋಳದ ಮುಂದೆ ಅವರು ಅವನ ಬೆರಳು ಹಿಡಿದು ಅಂದರು: "ಆರಾಮ ಸೇ ಬೇಟಾ. ಎಲ್ಲಿಗಿ ಓಡ್ಬೇಕಾಗ್ಯದ ನಮಗಿ?"

ಮಳೆಗಾಲ ಹೋಯಿತು. ವಿಜಯದಶಮಿಗೆ ಪ್ರಣಿತಾ ಮನೆಗೆ ಬಂದಳು. ಕೈಲಾಶ ಅವಳಿಗೆ ಔ ಬರೆದು ತೋರಿಸಬೇಕೆಂದು ಒಂದು ಹಾಳೆ ಹಿಡಿದು ಅವಳ ಹಿಂದೆ ಮುಂದೆ ಸುಳಿದ. ಬುದ್ಧವಿಹಾರಕ್ಕೆ ಹೋಗುವ ಗಡಿಬಿಡಿ, ಬಂದವರ ಜೊತೆ ಮಾತು, ನಡುವೆ ಶಾಲೆಯಿಂದ ಫೋನು. "ಆಮ್ಯಾಲ ನೋಡ್ತೇನಿ ಅಣ್ಣ," ಅಂದಳು. ಮರುದಿನ ಅವನು ಏಳುವಷ್ಟರಲ್ಲಿ ಔರಾದಿನ ಮೊದಲ ಬಸ್ಸಿಗೆ ಹೋಗಿಬಿಟ್ಟಿದ್ದಳು.

ಚಳಿಗಾಲದ ಒಂದು ಬುಧವಾರ ಕೈಲಾಶ ಎಂದಿನಂತೆ ಬಸ್ ನಿಲ್ದಾಣಕ್ಕೆ ಬಂದ. ಭಾಲ್ಕಿ ಬಸ್ಸು ತನ್ನ ಜಾಗದಲ್ಲೇ ನಿಂತಿತ್ತು. ಅದರ ಪಕ್ಕದಲ್ಲಿ ಇನ್ನೊಂದು. ಅವನ ಕಣ್ಣು ಆ ಇನ್ನೊಂದರ ಬೋರ್ಡಿನ ಮೇಲೆ ಹೋಯಿತು, ಅಲ್ಲೇ ನಿಂತಿತು. ಮೊದಲನೆಯದು ಔ. ಅದರ ಬಾಲವನ್ನು ಅವನು ಎಷ್ಟೋ ಸಲ ಜೋಳದಲ್ಲಿ ಎಳೆದಿದ್ದ. ಆಮೇಲೆ ರಾ. ಆಮೇಲೆ ದ. ನಂಬಿಕೆಯಾಗದೆ ಹತ್ತಿರ ಹೋಗಿ, ಗಾಳಿಯಲ್ಲಿ ಬೆರಳಾಡಿಸುತ್ತ ಮತ್ತೆ ಓದಿದ. ಅಕ್ಷರಗಳು ಜಾಗ ಬದಲಿಸಲಿಲ್ಲ.

ಯಾರಿಗಾದರೂ ಹೇಳಬೇಕು ಅನ್ನಿಸಿತು. ಸುತ್ತ ನೋಡಿದ, ಗಂಟುಮೂಟೆ ಹಿಡಿದವರು, ಓಡುವವರು, ಎಲ್ಲರೂ ಓದಬಲ್ಲವರೇ. ಇದನ್ನು ಹೇಳಬೇಕಾದವಳು ಈ ಬಸ್ಸು ಹೋಗುವ ಊರಿನಲ್ಲಿದ್ದಳು. ಅವನು ಹತ್ತಿ ಕಿಟಕಿಯ ಪಕ್ಕ ಕೂತ.

ಜನವಾಡ ದಾಟಿತು. ಮಾಂಜ್ರಾ ಹೊಳೆಯ ಸೇತುವೆ ಬಂತು. ದಾರಿಯುದ್ದಕ್ಕೂ ಕೈಲಾಶ ಹೇಳಬೇಕಾದ ಮಾತನ್ನು ಜೋಡಿಸಿಕೊಳ್ಳುತ್ತಿದ್ದ. 'ಪ್ರಣಿತಾ, ಯಾರಿಗೂ ಕೇಳಿಲ್ಲ. ನಾನೇ ಓದಿ ಬಂದೀನಿ.' ಅವಳು ಏನನ್ನಬಹುದು? ನಗಬಹುದು. ಮಕ್ಕಳ ಮುಂದೆ ಕರೆದುಕೊಂಡು ಹೋಗಿ, ಇವ ನಮ್ಮ ಅಣ್ಣ ಅನ್ನಬಹುದು. ತರಗತಿಯಲ್ಲಿ ಹಿಂದೆ ಒಂದು ಬೆಂಚಿನ ಮೇಲೆ ಕೂರಲು ಹೇಳಿದರೂ ಹೇಳಬಹುದು.

ಔರಾದಿನಲ್ಲಿ ಇಳಿದು ಕೇಳುತ್ತ ಕೇಳುತ್ತ ಶಾಲೆಗೆ ಬಂದ. ಒಂದು ಕೋಣೆಯಿಂದ ಪ್ರಣಿತಾಳ ದನಿ ಬರುತ್ತಿತ್ತು. ಯಾವುದೋ ಪಾಠ ಓದುತ್ತಿದ್ದಳು. ಅವನು ಗೋಡೆಗೆ ಅಂಟಿಕೊಂಡು ನಿಂತು ಕೇಳಿದ. ಚಿಕ್ಕಂದಿನ ಅದೇ ದನಿ, ಸ್ವಲ್ಪ ಗಟ್ಟಿಯಾಗಿತ್ತು ಅಷ್ಟೆ. ವಾಕ್ಯದ ಕೊನೆಗೆ ತುಸು ತಗ್ಗಿಸುವುದೂ ಹಾಗೇ ಇತ್ತು. ಕಣ್ಣು ಮುಚ್ಚಿದ.

ಕಿಟಕಿಯಲ್ಲಿದ್ದ ಹುಡುಗಿಯೊಬ್ಬಳು, "ಟೀಚರ್, ಹೊರಗ ಯಾರೋ ನಿಂತಾರ್ರಿ," ಅಂದಳು.

ಪ್ರಣಿತಾ ಬಾಗಿಲಿಗೆ ಬಂದವಳು ಗಾಬರಿಯಾದಳು. "ಅಣ್ಣಾ! ನೀ ಹ್ಯಾಂಗ ಬಂದಿ? ಅಪ್ಪ ಎಲ್ಲಿ? ಏನಾಯ್ತು ಮನ್ಯಾಗ?"

"ಏನಿಲ್ಲ. ನಾ ಒಬ್ಬವನೇ..."

"ಒಬ್ಬವನೇ? ಭಾಲ್ಕಿ ಬಸ್ಸಂತ ಔರಾದ ಬಸ್ಸು ಹತ್ತಿದ್ಯಾ? ಅಯ್ಯೋ!"

ಆಗಲೇ ಫೋನು ಅವಳ ಕಿವಿಯಲ್ಲಿತ್ತು. "ಅಪ್ಪಾ, ಅಣ್ಣ ತಪ್ಪಿ ಔರಾದಕ್ಕ ಬಂದಾನ. ಹೌದು, ಸಾಲಿಗಿ ಬಂದಾನ. ಯಾರಿಗಿ ಕೇಳ್ಕೋತ ಬಂದನೋ ಏನೋ. ಗಾಬರಿ ಆಗಬ್ಯಾಡ್ರಿ."

"ತಪ್ಪಿಲ್ಲ," ಅಂದ ಕೈಲಾಶ. ಕಿಟಕಿಗಳಲ್ಲಿ ಮಕ್ಕಳ ತಲೆಗಳು ಮೂಡಿದ್ದವು. ಯಾರೋ ಕಿಸಕ್ಕನೆ ನಕ್ಕರು. ಪ್ರಣಿತಾ ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದು ಕೈಯಿಂದ ಅವರನ್ನು ಗದರಿಸುತ್ತಿದ್ದಳು. ಮುಖ್ಯೋಪಾಧ್ಯಾಯರು ಏನಾಯಿತೆಂದು ಕೇಳುತ್ತ ಬರುತ್ತಿದ್ದರು. ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತು ಅಷ್ಟು ದನಿಗಳ ನಡುವೆ ಚೂರುಚೂರಾಯಿತು. "ತಪ್ಪಿಲ್ಲ," ಎಂದು ಇನ್ನೊಮ್ಮೆ ಅಂದ. "ಹ್ಞೂಂ ಅಣ್ಣ, ನಿಂದೇನೂ ತಪ್ಪಿಲ್ಲ. ಕೂಡು," ಎಂದು ಅವಳು ಅವನ ಬೆನ್ನು ಸವರಿದಳು.

ಶಿಕ್ಷಕರ ಕೋಣೆಯಲ್ಲಿ ಕೂರಿಸಿ ತನ್ನ ಡಬ್ಬಿ ಬಿಚ್ಚಿಕೊಟ್ಟಳು. ಅವನು ಉಣ್ಣಲಿಲ್ಲ. ಬಿಡುವಿನ ಹೊತ್ತಿಗೆ ಬಸ್ಸಿಗೆ ಹತ್ತಿಸಿ, ಕಂಡಕ್ಟರಿಗೆ, "ಇವ್ರಿಗಿ ಬೀದರದಾಗ ಸರಿಯಾಗಿ ಇಳಸ್ರಿ. ಅವ್ರಿಗಿ ತಿಳೆಂಗಿಲ್ಲ," ಅಂದಳು. ಅವನು ಕೇಳಿಸಿಕೊಂಡ. ಬಸ್ಸು ಹೊರಟಾಗ ಅವಳು ಕೈ ಬೀಸಿದಳು. ಅವನಿಗೆ ಕೈ ಎತ್ತಲಾಗಲಿಲ್ಲ.

ಬೀದರದ ನಿಲ್ದಾಣದಲ್ಲಿ ಪಂಢರಿ ಬಿಸಿಲಲ್ಲಿ ನಿಂತು ಕಾಯುತ್ತಿದ್ದರು. ಬೈಯಲಿಲ್ಲ. ಮಗನ ತೋಳು ಹಿಡಿದು ರಸ್ತೆ ದಾಟಿಸಿದರು. ಮನೆ ಹತ್ತಿರ ಬಂದಾಗ, "ಸಾಕು ಕೈಲಾಶ. ಕ್ಲಾಸು ಸಾಕು. ನಾಳಿಗಿ ಮತ್ತ್ಯಾವುದೋ ಊರಿಗಿ ಹೋಗಿ ಕುಂತ್ರ ನಾ ಎಲ್ಲಿ ಹುಡಕಲಿ?" ಅಂದರು. ಅಪ್ಪ ಅಷ್ಟು ಹೆದರಿದ್ದನ್ನು ಕೈಲಾಶ ನೋಡಿರಲಿಲ್ಲ; ಆಗಲಿ ಎಂದು ತಲೆಯಾಡಿಸಿದ.

ಅಜೀಜಾ ಬೇಗಂ ಫೋನು ಮಾಡಿದರು. ಅವನಿಗೆ ಬಸ್ಸು ತಿಳಿಯುವುದಿಲ್ಲ, ಕಳಿಸುವುದಿಲ್ಲ ಎಂದು ಪಂಢರಿ ಹೇಳಿಬಿಟ್ಟರು. ಕೈಲಾಶ ಮತ್ತೆ ಇಡೀ ದಿನ ಕುರ್ಚಿ ಹೊರತೊಡಗಿದ. ಆದರೆ ಸೋಮವಾರ, ಬುಧವಾರ, ಶುಕ್ರವಾರ ಬಂತೆಂದರೆ ಬೆಳಿಗ್ಗೆ ಬೇಗ ಎದ್ದು ಸ್ನಾನ ಮಾಡಿ, ತರಗತಿಗೆ ಹಾಕುತ್ತಿದ್ದ ಅಂಗಿ ಹಾಕಿ, ತಲೆ ಬಾಚಿಕೊಂಡು ಹೊಸ್ತಿಲ ಮೇಲೆ ಕೂರುತ್ತಿದ್ದ. ಬಸ್ಸು ಹೊರಡುವ ಹೊತ್ತು ಮೀರಿದ ಮೇಲೆ ಎದ್ದು ಅಂಗಿ ಬಿಚ್ಚಿ ಗೂಟಕ್ಕೆ ಹಾಕುತ್ತಿದ್ದ.

ಕೇಶರಬಾಯಿಗೆ ಅದನ್ನು ನೋಡಲಾಗುತ್ತಿರಲಿಲ್ಲ. ಅಂಥದೇ ಒಂದು ಬೆಳಿಗ್ಗೆ ಅವನನ್ನು ಒಳಗೆ ಕರೆದು, ರೊಟ್ಟಿಗೆ ಹಿಟ್ಟು ಜರಡಿ ಹಿಡಿದಿದ್ದ ಪರಾತದ ಮುಂದೆ ಕೂರಿಸಿ, ನೀರು ತರಲು ಹೋದಳು. ಬಂದು ನೋಡಿದರೆ ಮಗ ಹಿಟ್ಟಿನಲ್ಲಿ ಬೆರಳಿನಿಂದ ಏನೋ ತಿದ್ದುತ್ತಿದ್ದ.

"ಏನ್ ಬರದಿ?" ಅಂದಳು. ಅವಳಿಗೆ ಓದು ಬರುತ್ತಿರಲಿಲ್ಲ.

"ಔರಾದ."

"ಔರಾದ?"

"ಅವತ್ತ ಬಸ್ಸಿನ ಮ್ಯಾಲ ಇದೇ ಇತ್ತವ್ವಾ. ಭಾಲ್ಕಿ ಬಸ್ಸು ಬಾಜೂಕೇ ಇತ್ತು. ಇದನ್ನ ಓದಿ ಹತ್ತೀನಿ. ಪ್ರಣಿತಾಗ ಹೇಳ್ಬೇಕಂತ."

ಕೇಶರಬಾಯಿ ಕೊಡ ಕೆಳಗಿಟ್ಟಳು. ಅವನು ಅಳಿಸಲು ಹೋದಾಗ ಕೈ ಹಿಡಿದಳು. "ಇರ್ಲಿ, ಇರ್ಲಿ!" ಎಂದವಳೇ ಬಾಗಿಲಿಗೆ ಹೋಗಿ ಕೂಗಿದಳು: "ಏನ್ರೀ, ಒಳಗ ಬರ್ರಿ! ನನಗಿ ಓದ್ಲಿಕ್ಕಿ ಬರಂಗಿಲ್ಲ. ನೀವು ಬಂದು ನೋಡ್ರಿ ನಿಮ್ಮ ಮಗ ಏನ್ ಬರದಾನ."

ಪಂಢರಿ ಕನ್ನಡಕ ಏರಿಸಿಕೊಂಡು ಬಗ್ಗಿದರು. ಅಕ್ಷರಗಳು ದೊಡ್ಡವು, ಸೊಟ್ಟವು. ಆದರೆ ತಪ್ಪಿರಲಿಲ್ಲ. ಹಿಟ್ಟಿನ ಮೇಲೆ ಅವರ ಉಸಿರು ಬಿದ್ದು ಅಂಚು ಸ್ವಲ್ಪ ಚದುರಿತು. ಅವರು ಸರಕ್ಕನೆ ಹಿಂದೆ ಸರಿದರು.

"ಮತ್ತ ಅವತ್ತ್ಯಾಕ ಹೇಳ್ಲಿಲ್ಲೋ?"

"ಹೇಳ್ಬೇಕಂದೆ. ನೀವೆಲ್ಲಾ ಮಾತಾಡ್ಲತ್ತಿದ್ರಿ."

ಪಂಢರಿ ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟರು. ಆ ದಿನ ಆ ಹಿಟ್ಟಿನಲ್ಲಿ ರೊಟ್ಟಿ ಆಗಲಿಲ್ಲ. ಕೇಶರಬಾಯಿ ಬೇರೆ ಹಿಟ್ಟು ತೆಗೆದಳು.

ತಂದೆ ಫೋನಿನಲ್ಲಿ ಹೇಳಿದ್ದು ಕೇಳಿ ಪ್ರಣಿತಾ ಆ ಶನಿವಾರವೇ ಬಂದಳು. ಕೈಲಾಶ ಮಾಳಿಗೆಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದ. ಅವಳು ಹೋಗಿ ಪಕ್ಕದಲ್ಲಿ ನಿಂತಳು. ಇಬ್ಬರೂ ಬಟ್ಟೆ ಮಡಚಿದರು.

"ಅವತ್ತ ಹೊರಗ ನಿಂತು ನಿನ್ನ ಪಾಠ ಕೇಳಿದೆ," ಅಂದ ಅವನು. "ಛೊಲೋ ಓದ್ತಿ. ಮೊದಲೂ ಹಂಗೇ ಓದ್ತಿದ್ದಿ."

"ಒಳಗ ಕರದು ಕೂಡಸ್ಬೇಕಿತ್ತು ನಾ," ಅಂದಳು. ಮಡಚಿದ ಸೀರೆಯನ್ನು ಬಿಚ್ಚಿ ಮತ್ತೆ ಮಡಚಿದಳು.

ಸೋಮವಾರದಿಂದ ಅವನು ಮತ್ತೆ ಭಾಲ್ಕಿಗೆ ಹೋದ. ಭಾನುವಾರಗಳಲ್ಲಿ ಔರಾದಿಗೂ ಹೋಗತೊಡಗಿದ. ಪ್ರಣಿತಾ ತನ್ನ ಕೋಣೆಯಲ್ಲಿ ಅವನಿಗೆ ಪಾಠಗಳನ್ನು ಓದಿ ಹೇಳುತ್ತಿದ್ದಳು. ಓದುವುದು ಅವನಿಗೆ ಸಲೀಸಾಗಲೇ ಇಲ್ಲ. ಇವತ್ತಿಗೂ ಒಂದು ಪುಟಕ್ಕೆ ಅರ್ಧ ದಿನ ಬೇಕು, ದಣಿದಾಗ ಅಕ್ಷರಗಳು ಹಿಂದುಮುಂದಾಗುತ್ತವೆ. ಆದರೆ ಕೇಳಿದ್ದು ನೆನಪಿನಲ್ಲಿ ನಿಲ್ಲತೊಡಗಿತು, ಅದರಲ್ಲೂ ಇತಿಹಾಸ. ಮೂರನೇ ವರ್ಷ ಮುಕ್ತ ಶಾಲೆಯ ಹತ್ತನೇ ತರಗತಿಯ ಪರೀಕ್ಷೆಗೆ ಕೂತ. ಓದುಬರಹ ಕಷ್ಟವಾದವರಿಗೆ ಹೆಚ್ಚಿನ ಸಮಯವೂ, ಉತ್ತರ ಬರೆದುಕೊಡುವವರೂ ಸಿಗುತ್ತಾರೆಂದು ಅಜೀಜಾ ಬೇಗಂ ಓಡಾಡಿ ವ್ಯವಸ್ಥೆ ಮಾಡಿದ್ದರು. ಅವನು ಹೇಳಿದ್ದನ್ನು ನಾಹೀದ ಎಂಬ ಹುಡುಗಿ ಬರೆದಳು. ಒಳಗೆ ಅವನು, ಹೊರಗೆ ಗೇಟಿನ ಬಳಿ ಪಂಢರಿ, ಪರೀಕ್ಷೆ ಮುಗಿಯುವವರೆಗೆ.

ಕನ್ನಡ ಪಾಸಾಯಿತು. ಸಮಾಜ ವಿಜ್ಞಾನ ಪಾಸಾಯಿತು. ಗಣಿತ, ವಿಜ್ಞಾನ, ಇಂಗ್ಲಿಷು ಉಳಿದವು. ವಿಹಾರದಲ್ಲಿ ಆ ಭಾನುವಾರ ಪಂಢರಿ ಮಕ್ಕಳಿಗೆ ಎಂದಿನ ಮಾತು ಹೇಳಲು ಎದ್ದವರು ಅದನ್ನು ಬಿಟ್ಟು ಮಗನ ಆ ಎರಡು ವಿಷಯಗಳ ಅಂಕ ಓದಿ ಹೇಳಿ ಕೂತರು.

ಫಲಿತಾಂಶ ಬಂದ ವಾರ ಪ್ರಣಿತಾ ಅವನನ್ನು ಕರೆದುಕೊಂಡು ಭಾಲ್ಕಿಗೆ ಹೋದಳು. ತಾನು ಓದಿದ ಕಾಲೇಜು ತೋರಿಸಲು. ರಜೆಯ ದಿನ. ಕಾವಲಿನವನು ಒಳಗೆ ಬಿಟ್ಟ, ಆದರೆ ಕೋಣೆಗಳ ಬೀಗದ ಕೈ ಅವನ ಹತ್ತಿರ ಇರಲಿಲ್ಲ. ಅವರು ವರಾಂಡದಲ್ಲಿ ನಡೆದು ಒಂದು ಕಿಟಕಿಯ ಮುಂದೆ ನಿಂತರು. ಒಳಗೆ ಮಬ್ಬು ಬೆಳಕು. ಸಾಲು ಬೆಂಚುಗಳು, ಅರ್ಧ ಒರೆಸಿದ ಕರಿಹಲಗೆ, ನಿಂತ ಫ್ಯಾನು.

"ಅಗೋ, ಆ ಮೂರನೇ ಬೆಂಚು. ಅಲ್ಲಿ ಕೂಡ್ತಿದ್ದೆ ನಾ."

ಕೈಲಾಶ ಸರಳು ಹಿಡಿದು ಹಣೆ ಹಚ್ಚಿ ನೋಡಿದ. ಎಷ್ಟೋ ಹೊತ್ತು ನೋಡಿದ.

"ಒಂದ್ ಬೆಂಚಿಗಿ ಎಷ್ಟು ಮಂದಿ ಕೂಡ್ತಾರ?"

"ಮೂರು. ಒಮ್ಮೊಮ್ಮೆ ನಾಕು."

"ವಯಸ್ಸಾದವ್ರೂ?"

ಪ್ರಣಿತಾ ಅವನ ಕಡೆ ನೋಡಿ ಹೇಳಿದಳು: "ಬರ್ಬಾರ್ದು ಅಂತೇನಿಲ್ಲ."

"ಉಳಿದ ಪರೀಕ್ಷಾ ಯಾವಾಗ?"

"ಮತ್ತ ಆರು ತಿಂಗಳಿಗದ. ಎಲ್ಲಾ ಒಮ್ಮೆಲೇ ಆಗಂಗಿಲ್ಲ ಅಣ್ಣ. ಗಣಿತಕ್ಕ ಇನ್ನೂ ವರ್ಷ ಹಿಡೀಬಹುದು."

"ಹಿಡೀಲಿ," ಅಂದ ಕೈಲಾಶ. ಸರಳಿನಿಂದ ಕೈ ತೆಗೆಯಲು ಮನಸ್ಸಾಗದೆ ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಂತ. ಆಮೇಲೆ ತಂಗಿಯ ಕಡೆ ತಿರುಗಿ ಅಂದ: "ಬಾಗಿಲು ತೆರದಿದ್ದಾಗ ಒಮ್ಮೆ ಬರೋಣ. ಮಂದಿ ಕುಂತಿರ್ತಾರಲ್ಲ, ಆವಾಗ."